ಕರೆಂಟ್ ಹೋದ ಹೊತ್ತಿನ ಡೇಟಾ ಅಳಿಸಬೇಡಿ

ಪ್ರಶ್ನೆ: ಸರ್, ನಮ್ಮದು ತೀರ್ಥಹಳ್ಳಿ ಹತ್ತಿರದ ಊರು. ಬೇಯಿಸಿದ ಅಡಿಕೆ ಒಣಗಿಸಲು ಮನೆಯಲ್ಲೇ ಒಂದು ಸಣ್ಣ ಡ್ರೈಯರ್ ಮಾಡಿಕೊಂಡಿದ್ದೇವೆ. 3 ಕಿಲೋವ್ಯಾಟ್ ಹೀಟರ್, ಒಂದು ಫ್ಯಾನ್. ಹೀಟರಿಗೆ 0ರಿಂದ 100ರವರೆಗೆ ಡಯಲ್ ಇದೆ. ಒಳಗೆ 55 ಡಿಗ್ರಿ ಆಸುಪಾಸು ಇರಲಿ ಅಂತ ನಾನೋ ಅಪ್ಪನೋ ನೋಡ್ತಾ ಡಯಲ್ ತಿರುಗಿಸುತ್ತೇವೆ. ಹೋದ ಸುಗ್ಗಿಯಲ್ಲಿ 18 ದಿನ ನಿಮಿಷಕ್ಕೊಮ್ಮೆ ಡಯಲ್, ಒಳಗಿನ ಮತ್ತು ಹೊರಗಿನ ಉಷ್ಣತೆ ಬರೆದಿಟ್ಟಿದ್ದೇನೆ. ಸುಮಾರು 26,000 ಸಾಲು. ಫ್ಯಾನ್ ಮತ್ತು ಲಾಗರ್ (ಅಳತೆ ಬರೆದಿಡುವ ಯಂತ್ರ) ಯುಪಿಎಸ್ ಮೇಲಿವೆ, ಹೀಟರ್ ಇಲ್ಲ. 4 ಸಲ ಕರೆಂಟ್ ಹೋಗಿತ್ತು, ಆ ಭಾಗ ತೆಗೆದುಹಾಕಿದೆ. ‘ಮುಂದಿನ ಉಷ್ಣತೆ = ಅ × ಈಗಿನ ಉಷ್ಣತೆ + ಬ × ಡಯಲ್’ ಎಂದು ಎಕ್ಸೆಲ್‌ನಲ್ಲಿ ಹೊಂದಿಸಿದರೆ ಅ = 0.996, ಬ = −0.003 ಬಂತು. ಹೊಂದಾಣಿಕೆ ಶೇ. 98. ಆದರೆ ಹೀಟರ್ ಏರಿಸಿದರೆ ಉಷ್ಣತೆ ಇಳಿಯುತ್ತದೆ ಅನ್ನುತ್ತಿದೆ ಲೆಕ್ಕ! ಎಲ್ಲಿ ತಪ್ಪಿದೆ? ಈ ಸಲ ಡಯಲನ್ನು ತಾನಾಗಿಯೇ ತಿರುಗಿಸುವ ಕಂಟ್ರೋಲರ್ ಹಾಕಬೇಕೆಂದಿದ್ದೇನೆ, ಅದಕ್ಕೆ ಮಾಡೆಲ್ ಬೇಕು.

ಉತ್ತರ: ಮೊದಲಿಗೆ, ಆ ಮೈನಸ್ ಚಿಹ್ನೆ ನೋಡಿ ಅನುಮಾನ ಪಟ್ಟಿರಲ್ಲ, ಅದು ದೊಡ್ಡದು. ಶೇ. 98 ಕಂಡ ಮೇಲೆ ಬಹಳ ಮಂದಿ ಅಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ. ನಿಮ್ಮ ಅಂಕಿಗಳನ್ನು ಇನ್ನೂ ಸ್ವಲ್ಪ ಎಳೆದು ನೋಡೋಣ. ಬ ಯನ್ನು (1 − ಅ) ದಿಂದ ಭಾಗಿಸಿದರೆ, ಡಯಲ್ ಒಂದು ಅಂಕೆ ಏರಿಸಿ ಬಹಳ ಹೊತ್ತು ಬಿಟ್ಟರೆ ಉಷ್ಣತೆ ಎಷ್ಟು ಬದಲಾಗುತ್ತದೆ ಅನ್ನೋದು ಸಿಗುತ್ತದೆ. ನಿಮ್ಮದರಲ್ಲಿ −0.003 ಭಾಗಿಸು 0.004, ಅಂದರೆ −0.75. ಡಯಲ್ 10 ಏರಿಸಿದರೆ ಏಳೂವರೆ ಡಿಗ್ರಿ ತಂಪು! ಹಾಗಿದ್ದರೆ ಅದನ್ನು ಫ್ರಿಜ್ ಅಂತ ಮಾರಬಹುದು.

ಎಕ್ಸೆಲ್ ತಪ್ಪು ಮಾಡಿಲ್ಲ. ನಿಮ್ಮ ಡೇಟಾದಲ್ಲಿ ಇದ್ದದ್ದನ್ನೇ ಅದು ಹೇಳಿದೆ. ಆ ಡೇಟಾದಲ್ಲಿ ಡ್ರೈಯರಿಗಿಂತ ಜಾಸ್ತಿ ಇರೋದು ನೀವು ಮತ್ತು ನಿಮ್ಮ ತಂದೆ.

ಆ 18 ದಿನ ಏನಾಗಿರುತ್ತದೆ ಯೋಚಿಸಿ. ಬೆಳಗಿನ ಜಾವ ಚಳಿ ಏರುತ್ತದೆ, ಒಳಗಿನ ಉಷ್ಣತೆ ಇಳಿಯತೊಡಗುತ್ತದೆ. ಅಪ್ಪ ಎದ್ದು ನೋಡಿ ಡಯಲ್ ಏರಿಸುತ್ತಾರೆ. ಚಳಿ ಇನ್ನೂ ಜಾಸ್ತಿ ಆಗ್ತಾ ಇರುತ್ತದೆ, ಹಾಗಾಗಿ ಡಯಲ್ ಏರಿಸಿದ ಮೇಲೂ ಉಷ್ಣತೆ ಕೊಂಚ ಇಳಿಯುತ್ತಲೇ ಇರುತ್ತದೆ. ಮಧ್ಯಾಹ್ನ ಬಿಸಿಲು ಬಂದಾಗ ಇದೇ ತಿರುಗಾಮುರುಗ: ಡಯಲ್ ಇಳಿಸಿದ್ದೀರಿ, ಉಷ್ಣತೆ ಏರುತ್ತಿದೆ. ಸಾಲು ಸಾಲಾಗಿ ಅಂಕಿ ಮಾತ್ರ ನೋಡುವ ಎಕ್ಸೆಲ್‌ಗೆ ಕಾಣೋದು ಇಷ್ಟೇ. ಡಯಲ್ ಜಾಸ್ತಿ ಇದ್ದಾಗ ಉಷ್ಣತೆ ಇಳಿಯುತ್ತಿತ್ತು, ಕಮ್ಮಿ ಇದ್ದಾಗ ಏರುತ್ತಿತ್ತು. ನಮ್ಮ ಕಡೆ ಬಚ್ಚಲೊಲೆ ಮುಂದೆ ಜನ ಜಾಸ್ತಿ ಕೂತ ದಿನವೇ ಚಳಿಯೂ ಜಾಸ್ತಿ ಇರುತ್ತದೆ. ಅದಕ್ಕೆ ಒಲೆಯೇ ಚಳಿ ತರುತ್ತದೆ ಅನ್ನೋಕಾಗತ್ತಾ?

ಇದಕ್ಕೆ ಫೀಡ್‌ಬ್ಯಾಕ್ ಇರುವ ಡೇಟಾ ಅನ್ನುತ್ತಾರೆ. ಒಳಗೆ ಹೋಗುವುದು (ಇನ್‌ಪುಟ್, ನಿಮ್ಮ ಡಯಲ್) ಹೊರಗೆ ಬರುವುದನ್ನು (ಔಟ್‌ಪುಟ್, ಉಷ್ಣತೆ) ಬದಲಿಸುತ್ತದೆ. ಅದೇ ಹೊತ್ತಿಗೆ ಔಟ್‌ಪುಟ್ ನೋಡಿಕೊಂಡು ಯಾರೋ ಇನ್‌ಪುಟ್ ಬದಲಿಸುತ್ತಿದ್ದಾರೆ. ಎರಡು ದಾರಿ ಒಂದೇ ಡೇಟಾದೊಳಗೆ ಹೆಣೆದುಕೊಂಡಿವೆ. ಪಕ್ಕಾ ಲೆಕ್ಕದಲ್ಲಿ ಇದರ ಕೊನೆ ಹೀಗಿರುತ್ತದೆ. ಹೊರಗಿನಿಂದ ಬೇರೆ ಯಾವ ಅಲುಗಾಟವೂ ಇಲ್ಲದೆ, ಔಟ್‌ಪುಟ್ ನೋಡಿ ಮಾತ್ರ ಇನ್‌ಪುಟ್ ಬದಲಾಗುತ್ತಿದ್ದರೆ, ಎರಡರ ನೇರ ಹೋಲಿಕೆಯಿಂದ ಸಿಗುವುದು ಕಂಟ್ರೋಲರಿನ ತಲೆಕೆಳಗಾದ ರೂಪ, ಅದೂ ಮೈನಸ್ ಚಿಹ್ನೆಯ ಜೊತೆ. ನಿಮ್ಮಲ್ಲಿ ಆ ಕಂಟ್ರೋಲರ್ ಅಂದರೆ ಅಪ್ಪ. ಅವರು ಹುಷಾರಾಗಿ ನೋಡಿಕೊಂಡಷ್ಟೂ ಡೇಟಾ ಕೆಡುತ್ತದೆ. ಉಷ್ಣತೆ 55 ಬಿಟ್ಟು ಕದಲದ ಹಾಗೆ ಕಾದರೆ ಡ್ರೈಯರಿನ ಗುಣ ಕಾಣುವುದಾದರೂ ಎಲ್ಲಿಂದ?

ಈಗ ಆ ಶೇ. 98ರ ವಿಷಯ. ಇದು ಬಹಳ ಜನ ಬೀಳುವ ಹೊಂಡ, ನಾನೂ ಬಿದ್ದಿದ್ದೇನೆ. ಒಂದು ನಿಮಿಷದಲ್ಲಿ ಡ್ರೈಯರ್ ಎಷ್ಟು ತಾನೆ ಬದಲಾಗುತ್ತದೆ? ‘ಮುಂದಿನ ನಿಮಿಷವೂ ಈಗಿನಷ್ಟೇ’ ಅಂತ ಹೇಳಿ ಸುಮ್ನೆ ಕೂತರೂ ಹೊಂದಾಣಿಕೆ ಹೆಚ್ಚೂಕಮ್ಮಿ ಅಷ್ಟೇ ಬರುತ್ತದೆ. ಆ ಸೋಮಾರಿ ಮಾಡೆಲ್‌ನಲ್ಲಿ ಡಯಲೂ ಇಲ್ಲ, ಹೀಟರೂ ಇಲ್ಲ. ನಂಬಿಕೆ ಬರದಿದ್ದರೆ ಅದರ ಲೆಕ್ಕ ತೆಗೆದು ನಿಮ್ಮದರ ಪಕ್ಕ ಇಟ್ಟು ನೋಡಿ.

ಮಾಡೆಲ್ ಪರೀಕ್ಷೆ ಮಾಡಬೇಕಾದ್ದು ಬೇರೆ ಥರ. ಮೊದಲ ನಿಮಿಷದ ಉಷ್ಣತೆ ಮಾತ್ರ ಕೊಡಿ. ಆಮೇಲೆ ಅಳೆದ ಉಷ್ಣತೆ ತೋರಿಸಲೇಬೇಡಿ, ಬರೀ ಡಯಲ್ ಮತ್ತು ಹೊರಗಿನ ಉಷ್ಣತೆ ಕೊಡುತ್ತಾ ಹೋಗಿ. ಮಾಡೆಲ್ ತಾನು ಹೇಳಿದ ಉಷ್ಣತೆಯ ಮೇಲೆಯೇ ಮುಂದಿನದನ್ನು ಕಟ್ಟಿಕೊಂಡು ಹೋಗಲಿ. ಹೀಗೆ 10 ಗಂಟೆ ಓಡಿಸಿ, ಅಳೆದ ಗೆರೆಯ ಮೇಲೆ ಇಟ್ಟು ನೋಡಿ. ಇದಕ್ಕೆ ಸಿಮ್ಯುಲೇಶನ್ ಅನ್ನುತ್ತಾರೆ. ನಿಮ್ಮ ಈಗಿನ ಮಾಡೆಲ್ ಇಲ್ಲಿ ಗ್ಯಾರಂಟಿ ದಿಕ್ಕು ತಪ್ಪುತ್ತದೆ. ಪರೀಕ್ಷೆಗೆ ಬಳಸುವ ದಿನಗಳು ಹೊಂದಿಸುವಾಗ ಬಳಸಿದ ದಿನಗಳಾಗಿರಬಾರದು. ಉತ್ತರ ಮೊದಲೇ ಕೊಟ್ಟು ಪರೀಕ್ಷೆ ಬರೆಸಿದ ಹಾಗಾಗುತ್ತದೆ ಅದು.

ಇನ್ನು ನೀವು ಅಳಿಸಿದ ಆ 4 ಸಲದ ಕರೆಂಟ್.

ನನ್ನ ಮಟ್ಟಿಗೆ ನಿಮ್ಮ 26,000 ಸಾಲಿನಲ್ಲಿ ಚಿನ್ನದಂಥ ಭಾಗ ಅದೇ. ಯಾಕೆ ಅಂದರೆ, ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗುವಾಗ ಅದು ನಿಮ್ಮ ಡ್ರೈಯರಿನ ಉಷ್ಣತೆ ನೋಡಿ ಹೋಗೋದಿಲ್ಲ. ಹೀಟರ್ ಇದ್ದಕ್ಕಿದ್ದಂತೆ 60ರಿಂದ 0ಗೆ ಬಂತು, ಅದಕ್ಕೆ ಅಪ್ಪನೂ ಕಾರಣ ಅಲ್ಲ, ಚಳಿಯೂ ಕಾರಣ ಅಲ್ಲ. ಫೀಡ್‌ಬ್ಯಾಕಿನ ಗಂಟು ಅಲ್ಲಿ ತಾನಾಗಿಯೇ ಬಿಚ್ಚಿದೆ. ಕರೆಂಟ್ ವಾಪಸ್ ಬಂದಾಗ ಇನ್ನೊಂದು ಪ್ರಯೋಗ, ಈ ಸಲ ಮೇಲ್ಮುಖವಾಗಿ. 4 ಸಲ ಹೋಗಿದೆ ಅಂದರೆ 8 ಪ್ರಯೋಗ ಪುಕ್ಕಟೆ. ಫ್ಯಾನ್ ಯುಪಿಎಸ್ ಮೇಲಿದೆ ಅಂತ ಬರೆದಿರೋದು ನಿಮ್ಮ ಪುಣ್ಯ. ಫ್ಯಾನೂ ನಿಂತಿದ್ದರೆ ಗಾಳಿಯ ಓಟವೇ ಬದಲಾಗಿ, ಅದು ಬೇರೆಯದೇ ಡ್ರೈಯರ್ ಆಗುತ್ತಿತ್ತು. ಆಗ ನೀವು ಅಳಿಸಿದ್ದೇ ಸರಿ ಅನ್ನುತ್ತಿದ್ದೆ. ಒಂದೇ ಒಂದು ತಿದ್ದುಪಡಿ ಮಾಡಿಕೊಳ್ಳಿ. ಆ ಹೊತ್ತಿನಲ್ಲಿ ಡಯಲ್ 60 ಅಂತಲೇ ಬರೆದಿದ್ದರೆ ಅದನ್ನು 0 ಮಾಡಿ. ಹೀಟರಿಗೆ ನಿಜವಾಗಿ ಹೋದದ್ದು ಎಷ್ಟೋ ಅದೇ ಇನ್‌ಪುಟ್.

ಆ ಭಾಗವನ್ನು ಓದುವುದು ಹೇಗೆ? ಒಂದು ಉದಾಹರಣೆ ಹೇಳ್ತೀನಿ, ಅಂಕಿಗಳು ನನ್ನ ಊಹೆ, ನಿಮ್ಮವು ಬೇರೆ ಬರುತ್ತವೆ. ಹೊರಗೆ 26 ಡಿಗ್ರಿ. ಡಯಲ್ 60ರಲ್ಲಿ ಬಹಳ ಹೊತ್ತಿನಿಂದ ನಿಂತಿದೆ, ಒಳಗೆ 54. ಅಂದರೆ ಹೊರಗಿಗಿಂತ 28 ಡಿಗ್ರಿ ಜಾಸ್ತಿ. ಡಯಲಿನ ಒಂದು ಅಂಕೆಗೆ 28 ಭಾಗಿಸು 60, ಸುಮಾರು 0.47 ಡಿಗ್ರಿ. ಇದು ಗೇನ್. ಕರೆಂಟ್ ಹೋಯಿತು. ಮೊದಲ ಎರಡು ಮೂರು ನಿಮಿಷ ಉಷ್ಣತೆ ಕದಲಲಿಲ್ಲ ಅಂದರೆ ಅದು ತಡ, ಡೆಡ್ ಟೈಮ್. ಆಮೇಲೆ ಇಳಿಯತೊಡಗಿತು. ಇಳಿಯಲು ಶುರುವಾಗಿ 40 ನಿಮಿಷಕ್ಕೆ ಆ 28 ಡಿಗ್ರಿಯಲ್ಲಿ ಶೇ. 63 ಹೋಗಿ 10.3 ಉಳಿದಿದ್ದರೆ, ನಿಮ್ಮ ಡ್ರೈಯರಿನ ಟೈಮ್ ಕಾನ್‌ಸ್ಟಂಟ್ 40 ನಿಮಿಷ. ಗೇನ್, ತಡ, ಟೈಮ್ ಕಾನ್‌ಸ್ಟಂಟ್. ಈ ಮೂರೇ ಅಂಕಿ ಇಟ್ಟುಕೊಂಡು ಮನೆಮಟ್ಟಿನ ಕಂಟ್ರೋಲರ್ ಹೊಂದಿಸಬಹುದು. 1942ರಲ್ಲಿ ಝೀಗ್ಲರ್ ಮತ್ತು ನಿಕೋಲ್ಸ್ ಎಂಬ ಇಬ್ಬರು ಅಮೆರಿಕದ ಎಂಜಿನಿಯರುಗಳು ಕೊಟ್ಟ ಸೂತ್ರಗಳಲ್ಲಿ ಒಂದು ಬಗೆಯವು ಇಂಥದ್ದೇ ಒಂದು ಗೆರೆ ನೋಡಿ ಕಂಟ್ರೋಲರಿನ ಅಂಕಿ ಆರಿಸುತ್ತವೆ. ಅವು ಸ್ವಲ್ಪ ಒರಟು, ಉಷ್ಣತೆ ಹೊಯ್ದಾಡುವಂತೆ ಮಾಡುತ್ತವೆ. ಅವು ಹೇಳುವ ಕಂಟ್ರೋಲರಿನ ಗೇನನ್ನು (ಡ್ರೈಯರಿನದ್ದಲ್ಲ) ಅರ್ಧ ಮಾಡಿಕೊಂಡು ಶುರುಮಾಡಿ.

ಇಳಿಯುವ ಗೆರೆಯನ್ನು ಇನ್ನೊಂದು ಸಲ ನೋಡಿ, ಅದರಲ್ಲಿ ಇನ್ನೂ ಇದೆ. ಒಂದೇ ಟೈಮ್ ಕಾನ್‌ಸ್ಟಂಟಿನ ಸರಳ ವ್ಯವಸ್ಥೆ ಆದರೆ ಪ್ರತಿ 20 ನಿಮಿಷಕ್ಕೂ ಒಂದೇ ಪಾಲು ಉಳಿಯಬೇಕು. 28, ಆಮೇಲೆ 17, ಆಮೇಲೆ 10.3, ಆಮೇಲೆ 6.2. ಪ್ರತಿ ಸಲವೂ ಹಿಂದಿನದರ ಶೇ. 61. ನಿಮ್ಮದರಲ್ಲಿ ಹಾಗೆ ಬರದೆ, ಮೊದಲು ಸರ್ರನೆ ಇಳಿದು ಆಮೇಲೆ ಎಳೆಯುತ್ತಾ ಹೋದರೆ ಆಶ್ಚರ್ಯಪಡಬೇಡಿ. ಒಳಗಿನ ಗಾಳಿ ಬೇಗ ತಣಿಯುತ್ತದೆ, ರಾಶಿ ಅಡಿಕೆ ನಿಧಾನಕ್ಕೆ ಬಿಸಿ ಬಿಡುತ್ತದೆ. ಎರಡು ವೇಗ, ಎರಡು ಟೈಮ್ ಕಾನ್‌ಸ್ಟಂಟ್. ಆಗ ‘ಈಗಿನ ಉಷ್ಣತೆ’ ಒಂದೇ ಸಾಲದು, ‘ಅದಕ್ಕೂ ಹಿಂದಿನ ಉಷ್ಣತೆ’ಯನ್ನೂ ಸೂತ್ರಕ್ಕೆ ಸೇರಿಸಬೇಕು. ಇದನ್ನೇ ಎರಡನೇ ಆರ್ಡರ್ ಅನ್ನೋದು.

ಇನ್ನೊಂದು ಸಣ್ಣ ಮೋಸ ಇದೆ. ಹಸಿ ಅಡಿಕೆ ತುಂಬಿದ ಮೊದಲ ದಿನ ಕರೆಂಟ್ ಹೋದರೆ ಒಳಗಿನ ಉಷ್ಣತೆ ಹೊರಗಿನದಕ್ಕಿಂತಲೂ ಒಂದೆರಡು ಡಿಗ್ರಿ ಕೆಳಗೆ ಹೋಗಿ ನಿಲ್ಲಬಹುದು. ಥರ್ಮಾಮೀಟರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಮಣ್ಣಿನ ಹೂಜಿಯ ನೀರು ತಣ್ಣಗಾಗುವ ಕಾರಣವೇ ಇದಕ್ಕೂ. ತೇವ ಆರುವಾಗ ಬಿಸಿ ಎಳೆದುಕೊಳ್ಳುತ್ತದೆ. ಅದಕ್ಕೇ ಸೂತ್ರದಲ್ಲಿ ಒಂದು ಸ್ಥಿರ ಅಂಕಿಗೆ ಜಾಗ ಬಿಡಿ. ಹೊರಗಿನ ಉಷ್ಣತೆಯನ್ನು ಬೇರೆಯೇ ಇನ್‌ಪುಟ್ ಆಗಿ ಹಾಕಿ. ಅಳೆದಿಟ್ಟುಕೊಂಡೂ ಅದನ್ನು ಸೂತ್ರದಿಂದ ಹೊರಗಿಟ್ಟಿದ್ದೀರಿ. ನಿಮ್ಮ ಮೈನಸ್ ಚಿಹ್ನೆಗೆ ಅರ್ಧ ಕಾರಣ ಅದೇ.

ಹೀಗೆ ನಡೆಯುತ್ತಿರುವ ಯಂತ್ರದ ದಿನನಿತ್ಯದ ದಾಖಲೆಯಿಂದ ಮಾಡೆಲ್ ತೆಗೆಯುವ ಆಸೆ ಹೊಸದಲ್ಲ. 1965ರಲ್ಲಿ ಸ್ವೀಡನ್ನಿನ ಕಾರ್ಲ್ ಯೋಹಾನ್ ಆಸ್ಟ್ರಮ್ ಮತ್ತು ಟೋರ್ಸ್ಟೆನ್ ಬೋಲಿನ್ ಈ ವಿಷಯದ ಮೇಲೆ ಒಂದು ಪ್ರಬಂಧ ಮಂಡಿಸಿದರು. ಅದರ ಹಿಂದೆ ಇದ್ದದ್ದು ಅಲ್ಲಿನ ಬಿಲ್ಲೆರುಡ್ ಕಾಗದ ಕಾರ್ಖಾನೆಯ ಕೆಲಸ. ಭದ್ರಾವತಿಯ ಕಾಗದ ಕಾರ್ಖಾನೆ ಓಡುತ್ತಿದ್ದ ಕಾಲದಲ್ಲಿ ಒಳಗೆ ಹೋಗಿ ನೋಡಿದವರಿಗೆ ಅವರ ಕಷ್ಟ ತಕ್ಷಣ ಅರ್ಥವಾಗುತ್ತದೆ. ಈ ತುದಿಯಲ್ಲಿ ತಿರುಳಿನ ವಾಲ್ವ್ ತಿರುಗಿಸುತ್ತೀರಿ. ಕಾಗದದ ದಪ್ಪ ಬದಲಾದದ್ದು ಕಾಣೋದು ಆ ತುದಿಯಲ್ಲಿ, ಅದೂ ಸುಮಾರು ಹೊತ್ತಿನ ಮೇಲೆ. ಅಷ್ಟರಲ್ಲಿ ಬೇರೆ ಎಷ್ಟೋ ಏರಿಳಿತ ಸೇರಿಕೊಂಡಿರುತ್ತದೆ. ಅವರು ಮಾಡಿದ ಜಾಣತನ ಇಷ್ಟು: ಯಂತ್ರದ ಜೊತೆ ಆ ಏರಿಳಿತಕ್ಕೂ ಒಂದು ಮಾಡೆಲ್ ಕೊಟ್ಟರು. ಗದ್ದಲಕ್ಕೂ ಒಂದು ಸ್ವಭಾವ ಇದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಯಂತ್ರದ ಅಂಕಿಗಳು ಸರಿಯಾಗುತ್ತವೆ ಅಂತ. ಇವತ್ತು ಈ ಕೆಲಸಕ್ಕೆ ಬಳಸುವ ಸಾಫ್ಟ್‌ವೇರ್‌ಗಳ ಒಳಗೂ ಆ ಯೋಚನೆ ಇದೆ. ಹೀಗೆ ಡೇಟಾದಿಂದ ಮಾಡೆಲ್ ತೆಗೆಯುವುದಕ್ಕೆ ಇರುವ ಐಡೆಂಟಿಫಿಕೇಶನ್ ಎಂಬ ಹೆಸರು ಅದಕ್ಕೂ ಹಳೆಯದು, 1956ರಲ್ಲಿ ಲತ್ಫಿ ಜಾದೆ ಇಟ್ಟದ್ದು. ನೀವು ಎಕ್ಸೆಲ್‌ನಲ್ಲಿ ಒತ್ತಿದ ಕನಿಷ್ಠ ವರ್ಗಗಳ ವಿಧಾನ (ತಪ್ಪುಗಳ ವರ್ಗಗಳ ಮೊತ್ತ ಅತಿ ಕಮ್ಮಿ ಆಗುವಂತೆ ಅಂಕಿ ಹುಡುಕುವುದು) ಎಲ್ಲಕ್ಕಿಂತ ಹಳೆಯದು. ಲೆಜಾಂಡ್ರ್ ಅದನ್ನು 1805ರಲ್ಲೇ ಅಚ್ಚು ಹಾಕಿಸಿದ್ದ.

ಹಳೆಯ ಡೇಟಾದಿಂದ ಇಷ್ಟು ತೆಗೆಯಬಹುದು. ಆದರೆ ಮರ ಬೀಳಲಿ ಅಂತ ಕಾಯೋದು ಬೇಡ. ಈ ಸಲ ನೀವೇ ಒಂದು ದಿನ ಪ್ರಯೋಗ ಮಾಡಿ.

ಒಂದು ರೂಪಾಯಿ ನಾಣ್ಯ ತಗೊಳ್ಳಿ. ಹೆಡ್ ಬಿದ್ದರೆ ಡಯಲ್ 75, ಟೇಲ್ ಬಿದ್ದರೆ 45. ಪ್ರತಿ 15 ನಿಮಿಷಕ್ಕೊಂದು ಸಲ. 31 ಸಲ ಚಿಮ್ಮಿ, ಮೊದಲೇ ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. 31 × 15 ಅಂದರೆ 7 ಗಂಟೆ 45 ನಿಮಿಷ. ಬೆಳಿಗ್ಗೆ ತಿಂಡಿ ಮುಗಿಸಿ ಶುರುಮಾಡಿದರೆ ಸಂಜೆ ಕಾಫಿ ಹೊತ್ತಿಗೆ ಮುಗಿಯುತ್ತದೆ. ನನ್ನ ಊಹೆಯ ಗೇನ್ ಸರಿ ಇದ್ದರೆ ಉಷ್ಣತೆ 47ಕ್ಕೂ 61ಕ್ಕೂ ಮಧ್ಯೆಯೇ ಓಡಾಡುತ್ತದೆ. ನಿಮ್ಮ ಅಡಿಕೆಗೆ ಅಷ್ಟು ಬೇಡ ಅನಿಸಿದರೆ 50 ಮತ್ತು 70 ಇಟ್ಟುಕೊಳ್ಳಿ. ತೀರಾ ಕಮ್ಮಿ ಮಾಡಬೇಡಿ. ಅಲುಗಾಟ ಥರ್ಮಾಮೀಟರಿನ ನಡುಕದಲ್ಲಿ ಮುಳುಗಿಹೋಗುತ್ತದೆ.

ಎಂಜಿನಿಯರುಗಳು ನಾಣ್ಯದ ಬದಲು ಪಿಆರ್‌ಬಿಎಸ್ ಅನ್ನೋ ಸರಣಿ ಬಳಸುತ್ತಾರೆ. ನೋಡಲು ಚಿತ್‌ಪಟ್ ಹಾಗೇ ಇರುತ್ತದೆ, ಆದರೆ ಲೆಕ್ಕದಿಂದ ಹುಟ್ಟಿದ್ದು. ಅದರ ಉದ್ದ 31, 63, 127 ಹೀಗೆ, ಎರಡರ ಘಾತಕ್ಕಿಂತ ಒಂದು ಕಮ್ಮಿ. ನಾನು 31 ಹೇಳಿದ್ದೂ ಅದೇ ಅಭ್ಯಾಸದಿಂದ. ಅದರಲ್ಲಿ ಅತಿ ಉದ್ದದ ಒಂದೇ ಸಮನೆಯ ಓಟ 5 ಸಲದ್ದು, ಅಂದರೆ 75 ನಿಮಿಷ. 40 ನಿಮಿಷದ ಟೈಮ್ ಕಾನ್‌ಸ್ಟಂಟಿಗೆ ಅದು ಹತ್ತಿರ ಹತ್ತಿರ ಎರಡು ಪಾಲು, ಹಾಗಾಗಿ ಗೇನ್ ಕೂಡ ಸಾಕಷ್ಟು ಕಾಣುತ್ತದೆ. 15 ನಿಮಿಷದ ಚಿಕ್ಕ ಚಿಕ್ಕ ಬದಲಾವಣೆಗಳಲ್ಲಿ ಗಾಳಿಯ ಬೇಗದ ಗುಣ ಕಾಣುತ್ತದೆ. ನಾಣ್ಯ ಚಿಮ್ಮುವಾಗ ಉದ್ದನೆಯ ಓಟ ಒಂದೂ ಬರದಿದ್ದರೆ, ಕೊನೆಗೆ ಬೇಕೆಂದೇ ಒಂದೂವರೆ ಗಂಟೆ 75ರಲ್ಲಿ, ಒಂದೂವರೆ ಗಂಟೆ 45ರಲ್ಲಿ ಬಿಡಿ. ಡಯಲನ್ನು ಸುಮ್ನೆ ಒಂದೇ ಕಡೆ ಇಟ್ಟು 8 ಗಂಟೆ ಅಳೆದರೆ ಏನೂ ಸಿಗೋದಿಲ್ಲ, 8 ದಿನ ಅಳೆದರೂ ಅಷ್ಟೇ. ಅಲುಗಾಡಿಸದೆ ಯಾವ ಮರದ ಗಟ್ಟಿತನವೂ ಗೊತ್ತಾಗುವುದಿಲ್ಲ.

ನಿಮ್ಮ ಲೆಕ್ಕದ ಇನ್ನೊಂದು ತೊಂದರೆ ಒಂದು ನಿಮಿಷದ ಅಂತರ. ನಿಮಿಷಕ್ಕೊಮ್ಮೆ ಅಳೆಯಿರಿ, ತಪ್ಪಿಲ್ಲ. ಆದರೆ ಸೂತ್ರಕ್ಕೆ ಹಾಕುವ ಮೊದಲು 5 ನಿಮಿಷದ ಸರಾಸರಿ ಮಾಡಿಕೊಳ್ಳಿ. ಕಾರಣ ಹೇಳ್ತೀನಿ. 40 ನಿಮಿಷದ ಟೈಮ್ ಕಾನ್‌ಸ್ಟಂಟಿಗೆ ಒಂದು ನಿಮಿಷದ ಅಂತರದಲ್ಲಿ ಅ = 0.9753. ಅದರಲ್ಲಿ 0.005 ತಪ್ಪಿ 0.9803 ಬಂತು ಅಂದುಕೊಳ್ಳಿ. ಟೈಮ್ ಕಾನ್‌ಸ್ಟಂಟ್ 50 ನಿಮಿಷ ದಾಟುತ್ತದೆ! ಅದೇ 5 ನಿಮಿಷದ ಅಂತರದಲ್ಲಿ ಸರಿಯಾದ ಅ 0.8825. ಅಷ್ಟೇ ತಪ್ಪಿ 0.8875 ಬಂದರೂ ಟೈಮ್ ಕಾನ್‌ಸ್ಟಂಟ್ 42ರ ಒಳಗೇ ಇರುತ್ತದೆ. ತೀರಾ ಹತ್ತಿರ ಹತ್ತಿರ ಅಳೆದರೆ ಎಲ್ಲ ಅಂಕಿಗಳೂ 1ರ ಪಕ್ಕ ಗುಂಪು ಕಟ್ಟುತ್ತವೆ, ಕೂದಲೆಳೆ ತಪ್ಪೂ ದೊಡ್ಡದಾಗುತ್ತದೆ. ಟೈಮ್ ಕಾನ್‌ಸ್ಟಂಟಿನ ಎಂಟನೇ ಒಂದು, ಹತ್ತನೇ ಒಂದು ಭಾಗ, ಇಷ್ಟು ಅಂತರ ಸಾಕು.

ಥರ್ಮಾಮೀಟರಿನ ನಡುಕದ್ದು ಬೇರೆ ಕಥೆ. ನಿಮ್ಮ ಸೂತ್ರದಲ್ಲಿ ಅಳೆದ ಉಷ್ಣತೆ ಎರಡೂ ಕಡೆ ಬರುತ್ತದೆ. ಬಲಗಡೆಯ ‘ಈಗಿನ ಉಷ್ಣತೆ’ಯಲ್ಲಿ ನಡುಕ ಇದ್ದರೆ ಕನಿಷ್ಠ ವರ್ಗಗಳ ವಿಧಾನ ಅ ಯನ್ನು ನಿಜಕ್ಕಿಂತ ಕಮ್ಮಿ ತೋರಿಸುತ್ತದೆ. ಡ್ರೈಯರ್ ನಿಜಕ್ಕಿಂತ ಚುರುಕು ಅನ್ನಿಸಿಬಿಡುತ್ತದೆ. ಡೇಟಾ ಎಷ್ಟೇ ಗುಡ್ಡೆ ಹಾಕಿದರೂ ಇದು ಹೋಗುವುದಿಲ್ಲ. ಸರಾಸರಿ ಮಾಡುವುದರಿಂದ ಸ್ವಲ್ಪ ಕಮ್ಮಿಯಾಗುತ್ತದೆ. ಪೂರ್ತಿ ಬಿಡುಗಡೆ ಬೇಕಾದರೆ ಮೇಲೆ ಹೇಳಿದ ಸಿಮ್ಯುಲೇಶನ್ ಕಾಲಮ್ ಮಾಡಿ. ಸಿಮ್ಯುಲೇಶನ್ ಮತ್ತು ಅಳತೆ ನಡುವಿನ ವ್ಯತ್ಯಾಸದ ವರ್ಗಗಳನ್ನು ಕೂಡಿಸಿ. ಆ ಮೊತ್ತ ಅತಿ ಕಮ್ಮಿ ಆಗುವಂತೆ ಅ, ಬ ಮತ್ತು ಉಳಿದ ಅಂಕಿಗಳನ್ನು ಹುಡುಕು ಅಂತ ಎಕ್ಸೆಲ್‌ನ ಸಾಲ್ವರ್‌ಗೆ ಹೇಳಿ. ಲೈನೆಸ್ಟ್‌ನಿಂದ (ಕನಿಷ್ಠ ವರ್ಗಗಳ ಲೆಕ್ಕ ಮಾಡುವ ಎಕ್ಸೆಲ್ ಸೂತ್ರ) ಬಂದ ಅಂಕಿಗಳನ್ನು ಸಾಲ್ವರಿಗೆ ಆರಂಭದ ಊಹೆಯಾಗಿ ಕೊಟ್ಟರೆ ಅದು ದಾರಿ ತಪ್ಪೋದು ಕಮ್ಮಿ. ನಿಮ್ಮ ಕೆಲಸಕ್ಕೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಡ.

ಆರ್ಡರ್ ಎಷ್ಟು ಇರಬೇಕು? ಒಂದರಿಂದ ಶುರುಮಾಡಿ, ಎರಡು ನೋಡಿ, ಮೂರು ನೋಡಿ. ಹೊಂದಿಸಿದ ಡೇಟಾದ ಮೇಲೆ ಆರ್ಡರ್ ಏರಿಸಿದಷ್ಟೂ ತಪ್ಪು ಕಮ್ಮಿ ಆಗುತ್ತಲೇ ಹೋಗುತ್ತದೆ, ಅದನ್ನು ನಂಬಬೇಡಿ. ಪಕ್ಕಕ್ಕಿಟ್ಟ ದಿನದ ಮೇಲೆ ತಪ್ಪು ಎಲ್ಲಿ ಇಳಿಯುವುದು ನಿಲ್ಲುತ್ತದೋ ಅಲ್ಲಿಗೆ ನೀವೂ ನಿಲ್ಲಿ. ನಿಮ್ಮ ಡ್ರೈಯರಿಗೆ ಎರಡು ದಾಟಲಾರದು ಅಂತ ನನ್ನ ಅಂದಾಜು.

ಕೊನೆಗೆ ಉಳಿದ ತಪ್ಪನ್ನು ಒಂದು ಸಲ ವಿಚಾರಿಸಿಕೊಳ್ಳಿ. ಮಾಡೆಲ್ ಹೇಳಿದ್ದಕ್ಕೂ ಅಳೆದದ್ದಕ್ಕೂ ಇರುವ ವ್ಯತ್ಯಾಸವನ್ನು ಒಂದು ಕಾಲಮ್ಮಿನಲ್ಲಿಟ್ಟು, ಅದಕ್ಕೂ 5 ನಿಮಿಷ ಹಿಂದಿನ, 10 ನಿಮಿಷ ಹಿಂದಿನ, 15 ನಿಮಿಷ ಹಿಂದಿನ ಡಯಲಿಗೂ ಸಂಬಂಧ ಇದೆಯಾ ನೋಡಿ. ಎಕ್ಸೆಲ್‌ನ ಕೋರಿಲೇಶನ್ ಸಾಕು. ನಾಣ್ಯದ ದಿನದ್ದು 5 ನಿಮಿಷದ ಸಾಲುಗಳು ನೂರರ ಆಸುಪಾಸು ಸಿಗುತ್ತವೆ. ನೂರರ ವರ್ಗಮೂಲ 10. 2 ಭಾಗಿಸು 10, ಅಂದರೆ 0.2. ಅದಕ್ಕಿಂತ ಒಳಗಿದ್ದರೆ ಆಕಸ್ಮಿಕ ಅನ್ನಬಹುದು. ಯಾವುದೋ ಒಂದು ಕಡೆ 0.5 ಬಂದರೆ ಡಯಲಿನ ಪರಿಣಾಮ ಇನ್ನೂ ಸೂತ್ರದ ಹೊರಗೆ ಉಳಿದಿದೆ ಅಂತ ಅರ್ಥ. ಬಹಳ ಸಲ ಅದು ತಡವನ್ನು ತಪ್ಪಾಗಿ ಹಾಕಿದ್ದರಿಂದ ಬರುತ್ತದೆ.

ತಡ ಅಂದಾಗ ನನ್ನದೇ ಒಂದು ಪೇಚಾಟ ನೆನಪಾಯಿತು. ಎಷ್ಟೋ ವರ್ಷದ ಹಿಂದೆ ಒಂದು ಕಾರ್ಖಾನೆಯ ಬಾಯ್ಲರಿನ ಡೇಟಾ ನನ್ನ ಕೈಗೆ ಬಂತು. ಎಷ್ಟು ಸಲ ಲೆಕ್ಕ ಹಾಕಿದರೂ, ಇಂಧನದ ವಾಲ್ವ್ ತೆರೆಯುವುದಕ್ಕೆ 4 ನಿಮಿಷ ಮೊದಲೇ ಉಷ್ಣತೆ ಏರುತ್ತದೆ ಅಂತ ಬರುತ್ತಿತ್ತು. ಮುಂದಾಗುವುದು ಮೊದಲೇ ಗೊತ್ತಿರುವ ಬಾಯ್ಲರ್! ಮೂರು ದಿನ ಸೂತ್ರ ಬದಲಿಸಿದೆ, ಆರ್ಡರ್ ಏರಿಸಿದೆ, ಫಿಲ್ಟರ್ ಹಾಕಿದೆ. ಕೊನೆಗೆ ನೋಡಿದರೆ ವಾಲ್ವಿನದ್ದು ಒಂದು ಕಂಪ್ಯೂಟರಿನಲ್ಲಿ, ಉಷ್ಣತೆಯದ್ದು ಇನ್ನೊಂದರಲ್ಲಿ ಬರೆಯುತ್ತಿತ್ತು. ಎರಡರ ಗಡಿಯಾರಕ್ಕೂ 4 ನಿಮಿಷ ವ್ಯತ್ಯಾಸ. ಆವತ್ತಿನಿಂದ ಯಾರ ಡೇಟಾ ಬಂದರೂ ಮೊದಲು ಬರಿಗಣ್ಣಿನಲ್ಲಿ ಗೆರೆ ನೋಡುತ್ತೇನೆ, ಆಮೇಲೆ ಲೆಕ್ಕ. ನಿಮ್ಮ ಡಯಲನ್ನು ಕೈಯಲ್ಲಿ ಬರೆದುಕೊಂಡು ಆಮೇಲೆ ಟೈಪ್ ಮಾಡಿದ್ದರೆ ಗೋಡೆ ಗಡಿಯಾರಕ್ಕೂ ಲಾಗರಿಗೂ ಹೊಂದುತ್ತದಾ ಒಂದು ಸಲ ನೋಡಿ.

ನಿಮ್ಮ ಸೂತ್ರದಂಥದ್ದಕ್ಕೆ ಲಿನಿಯರ್ ಮಾಡೆಲ್ ಅನ್ನುತ್ತಾರೆ. ಆ ಲಿನಿಯರ್ ಅನ್ನೋ ಮಾತಿಗೂ ಒಂದು ಗಡಿ ಇದೆ, ಅದು ಹೇಳದೆ ಬಿಟ್ಟರೆ ನೀವು ಕಂಟ್ರೋಲರ್ ಹಾಕಿದ ಮೂರನೇ ದಿನ ನನ್ನನ್ನು ಬೈತೀರಿ. ಲಿನಿಯರ್ ಅಂದರೆ ಇನ್‌ಪುಟ್ ಎರಡರಷ್ಟು ಮಾಡಿದರೆ ಪರಿಣಾಮವೂ ಎರಡರಷ್ಟು, ಎರಡು ಇನ್‌ಪುಟ್‌ಗಳ ಪರಿಣಾಮ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ತುಂಗೆಯನ್ನು ತಗೊಳ್ಳಿ. ಶೃಂಗೇರಿ ಕಡೆ ಸುರಿದ ಮಳೆ ತೀರ್ಥಹಳ್ಳಿ ದಾಟಿ, ಗಾಜನೂರು ಅಣೆಕಟ್ಟು ಕಳೆದು ಶಿವಮೊಗ್ಗಕ್ಕೆ ಬರುತ್ತದೆ. ಪೇಟೆಯ ಜನ ಹೊಳೆ ನಡುವಿನ ಕೋರ್ಪಳಯ್ಯನ ಮಂಟಪ ಮುಳುಗಿತಾ ಅಂತ ನೋಡಲು ಹೋಗುತ್ತಾರೆ. ಮಳೆ ಇನ್‌ಪುಟ್, ಹೊಳೆಯ ನೀರು ಔಟ್‌ಪುಟ್. 1932ರಲ್ಲಿ ಶೆರ್ಮನ್ ಎಂಬ ಅಮೆರಿಕದ ಎಂಜಿನಿಯರ್ ಇದಕ್ಕೆ ಲಿನಿಯರ್ ಮಾಡೆಲ್ ಕೊಟ್ಟ. ಒಂದು ಅಳತೆ ಮಳೆಗೆ ಹೊಳೆ ಏರಿ ಇಳಿಯುವ ಗೆರೆ ಒಂದು ಗೊತ್ತಿದ್ದರೆ, ಎಷ್ಟು ಮಳೆಗಾದರೂ ಅದನ್ನೇ ಗುಣಿಸಿ, ಸರಿಸಿ, ಕೂಡಿಸಿ ಅಂತ. ಆದರೆ ಅವನು ಲೆಕ್ಕಕ್ಕೆ ಹಿಡಿದದ್ದು ಬಿದ್ದ ಮಳೆ ಪೂರ್ತಿ ಅಲ್ಲ, ನೆಲ ಕುಡಿದು ಮಿಕ್ಕಿ ಹರಿದದ್ದನ್ನು ಮಾತ್ರ. ನಮ್ಮವರಿಗೆ ಇದು ಹೇಳಿಕೊಡಬೇಕಾ? ಮೃಗಶಿರೆಯ ಮೊದಲ ಮಳೆಯನ್ನು ಕಾದ ನೆಲ ಕುಡಿದುಬಿಡುತ್ತದೆ. ಅಷ್ಟೇ ಮಳೆ ಪುಷ್ಯದಲ್ಲಿ ಬಿದ್ದರೆ ಹೊಳೆ ದಡ ಮುಟ್ಟುತ್ತದೆ.

ನಿಮ್ಮ ಅಡಿಕೆಯೂ ಹಾಗೇ. ಮೊದಲ ದಿನ ಹೀಟರಿನ ಬಿಸಿಯಲ್ಲಿ ಬಹುಪಾಲು ನೀರು ಆರಿಸಲು ಹೋಗುತ್ತದೆ. ಕೊನೆಯ ದಿನ ಆರಲು ನೀರೇ ಇಲ್ಲ, ಅದೇ ಡಯಲಿಗೆ ಉಷ್ಣತೆ ಜಾಸ್ತಿ ಏರುತ್ತದೆ. 18 ದಿನವನ್ನೂ ಒಂದೇ ಸೂತ್ರಕ್ಕೆ ತುಂಬಿದರೆ ಬರುವುದು ಯಾವ ದಿನಕ್ಕೂ ಸರಿಹೊಂದದ ಸರಾಸರಿ ಡ್ರೈಯರ್. ಸುಲಭದ ದಾರಿ ಅಂದರೆ ಹಸಿ, ನಡುವೆ, ಒಣ ಅಂತ ಮೂರು ಹಂತಕ್ಕೆ ಮೂರು ಮಾಡೆಲ್. ಪ್ರಯೋಗವನ್ನು ಮೂರು ಸಲ ಮಾಡಬೇಕಾಗುತ್ತದೆ ಅಷ್ಟೇ. ಇನ್ನೊಂದು ದಾರಿ, ಹಳೆಯ ಡೇಟಾವನ್ನು ನಿಧಾನಕ್ಕೆ ಮರೆಯುತ್ತಾ ಹೋಗುವ ಲೆಕ್ಕ. ಪ್ರತಿ ಹೆಜ್ಜೆಗೂ ಹಿಂದಿನದರ ತೂಕವನ್ನು 0.99ರಿಂದ ಗುಣಿಸಿದರೆ ನೆನಪು ಸುಮಾರು 100 ಸಾಲಿನಷ್ಟು. 5 ನಿಮಿಷದ ಸಾಲಿಗೆ ಅದು 8 ಗಂಟೆ ಚಿಲ್ಲರೆ. ಕೇಳಲು ಚಂದ. ಆದರೆ ಡಯಲ್ ಅಲುಗಾಡದೆ ನಿಂತ ಹೊತ್ತಿನಲ್ಲಿ ಅದು ಒಳ್ಳೆಯದನ್ನೂ ಮರೆತು ಹುಚ್ಚುಚ್ಚು ಅಂಕಿ ಹೇಳಲು ಶುರುಮಾಡುತ್ತದೆ. ಮೊದಲ ವರ್ಷ ಅದರ ತಂಟೆಗೆ ಹೋಗಬೇಡಿ.

ಮೂರು ಮಾಡೆಲಿನಲ್ಲಿ ಗೇನ್ ಅತಿ ಜಾಸ್ತಿ ಇರುವುದನ್ನು ಹಿಡಿದು ಕಂಟ್ರೋಲರ್ ಹೊಂದಿಸಿ. ಅದು ಕೊನೆಯ ದಿನಗಳದ್ದೇ ಆಗಿರುತ್ತದೆ. ಆಗ ಹಸಿ ಅಡಿಕೆಗೆ ಕಂಟ್ರೋಲರ್ ಸ್ವಲ್ಪ ಮಂದ ಅನ್ನಿಸಬಹುದು, ಆದರೆ ಒಣಗಿದ ಅಡಿಕೆಯನ್ನು ಸುಡುವುದಿಲ್ಲ. ಡಯಲಿಗೊಂದು ಮೇಲ್ಮಿತಿಯನ್ನೂ, ಕಂಟ್ರೋಲರಿಗೆ ಸಂಬಂಧವೇ ಇಲ್ಲದ ಒಂದು ಥರ್ಮೋಸ್ಟಾಟ್ ಕಟ್‌ಆಫನ್ನೂ ತಪ್ಪದೆ ಹಾಕಿ. ಮಾಡೆಲ್ ಎಷ್ಟೇ ಚೆನ್ನಾಗಿ ಬಂದಿರಲಿ, ಇದನ್ನು ಬಿಡಬೇಡಿ.

ನಾಣ್ಯದ ದಿನದ ಬಗ್ಗೆ ಒಂದು ಮಾತು ಉಳಿಯಿತು. ಆ ಕಾಗದವನ್ನು ಡ್ರೈಯರಿನ ಬಾಗಿಲಿಗೇ ಅಂಟಿಸಿ, ಮನೆಯವರಿಗೆಲ್ಲ ಹೇಳಿಡಿ. ಉಷ್ಣತೆ 60 ದಾಟುತ್ತಿದ್ದ ಹಾಗೆ ಅಪ್ಪ ಬಂದು ಡಯಲ್ ಇಳಿಸಿಯೇ ಇಳಿಸುತ್ತಾರೆ, ಅಷ್ಟು ವರ್ಷದ ಅಭ್ಯಾಸ ಅದು. ಇಳಿಸಿದರೆ ಜಗಳ ಆಡಬೇಡಿ. ಎಷ್ಟು ಗಂಟೆಗೆ ಎಷ್ಟಕ್ಕೆ ಇಳಿಸಿದರು ಅಂತ ಬರೆದುಕೊಂಡು, ಮುಂದಿನ 15 ನಿಮಿಷಕ್ಕೆ ಕಾಗದದಲ್ಲಿ ಇರುವುದಕ್ಕೇ ವಾಪಸ್ ಬನ್ನಿ.